17 ವರ್ಷದವಳ ಮಾತು ಊರಲ್ಲಿ ಯಾರು ಕೇಳ್ತಾರೆ?

ತೀರ್ಥಹಳ್ಳಿ ಕಡೆಯವಳು, 17 ವರ್ಷ ಎಂದು ಬರೆದಿದ್ದೀರಿ. ಆಶಾ ಅಕ್ಕ ಪೀರ್ ಎಜುಕೇಟರ್ (ಓರಗೆಯವರಿಗೆ ಆರೋಗ್ಯದ ವಿಷಯ ತಿಳಿಸುವವಳು) ಆಗು ಎನ್ನುತ್ತಿದ್ದಾರೆ, ಆದರೆ ನನ್ನ ಮಾತು ಯಾರು ಕೇಳ್ತಾರೆ ಎಂಬ ಅಳುಕು ನಿಮಗೆ. ಒಪ್ಪಿಕೊಳ್ಳಿ. ನಾನು ಸಾಗರ ತಾಲ್ಲೂಕಿನವಳು, ಪಿಯುಸಿ ಓದುವಾಗ ಇದೇ ಕೆಲಸ ಮಾಡಿದ್ದೇನೆ. ನೀವು ಒಬ್ಬರೇ ಇರುವುದಿಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಾವಿರ ಜನಸಂಖ್ಯೆಗೆ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಮಾತಾಡಬೇಕಾದ್ದು 10ರಿಂದ 19 ವರ್ಷದವರ ಜೊತೆ.

ಮೊದಲ ತಿಂಗಳು ನಾನು ಬರೀ ಭಾಷಣ ಮಾಡಿದೆ. ತರಬೇತಿಯಲ್ಲಿ ಕೊಟ್ಟ ಪುಸ್ತಕ ಹಿಡಿದು ಅಂಗನವಾಡಿಯಲ್ಲಿ ಓದಿದೆ. ಹುಡುಗಿಯರು ನೆಲ ನೋಡುತ್ತಾ ಕೂತಿದ್ದರು. ಎರಡನೇ ಸಲ ಅರ್ಧ ಜನ ಬರಲೇ ಇಲ್ಲ.

ಅದು ಬದಲಾಗಿದ್ದು ಬಸ್ ಸ್ಟ್ಯಾಂಡಿನಲ್ಲಿ. ಸೋಮವಾರ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ಗೊತ್ತಲ್ವಾ? ಕಬ್ಬಿಣಾಂಶದ್ದು. ಹೈಸ್ಕೂಲಿನಲ್ಲಿ ಅದನ್ನು ನಾನೂ ಶಾಲೆ ಹಿಂದಿನ ಪೊದೆಗೆ ಎಸೆಯುತ್ತಿದ್ದೆ. ಬಸ್ಸಿಗೆ ಕಾಯುತ್ತಾ ಒಂಬತ್ತನೇ ಕ್ಲಾಸಿನ ಇಬ್ಬರಿಗೆ ಅದನ್ನೇ ಹೇಳಿದೆ: "ನಾನೂ ಎಸೀತಿದ್ದೆ ಕಣೇ." ಒಮ್ಮೆಲೇ ಬಾಯಿ ಬಿಟ್ಟರು. ಒಬ್ಬಳಿಗೆ ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು. ಇನ್ನೊಬ್ಬಳಿಗೆ ಮಲ ಕಪ್ಪಗಾಗಿ, ಏನೋ ದೊಡ್ಡ ಕಾಯಿಲೆ ಬಂತು ಅಂತ ಭಯ. ಅಮ್ಮನಿಗೂ ಹೇಳಿರಲಿಲ್ಲ ಆ ಮಗು. ಇದು ಟೀಚರ್‌ಗೆ ಗೊತ್ತಾಗುವುದು ಹೇಗೆ? ನಮ್ಮಂಥವರಿಗೇ ಗೊತ್ತಾಗಬೇಕು. ದೇಹ ಹೀರಿಕೊಳ್ಳದ ಕಬ್ಬಿಣ ಹೊರಗೆ ಹೋಗುವಾಗ ಮಲ ಕಪ್ಪಗಾಗುತ್ತೆ, ಹೆದರುವಂಥದ್ದಲ್ಲ ಅಂದೆ. ಹೊಟ್ಟೆ ತೊಳೆಸುವುದು ಖಾಲಿ ಹೊಟ್ಟೆಗೆ ನುಂಗುವುದರಿಂದ. ನಮ್ಮ ಕಡೆ ಮಕ್ಕಳು ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಮೂರು ಮೈಲಿ ನಡೆದು ಬಸ್ಸು ಹಿಡಿಯುತ್ತಾರೆ. ಕಾಫಿ, ಟೀ ಕುಡಿದ ಹೊತ್ತಿಗೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದೂ ಇಲ್ಲ. ಮಧ್ಯಾಹ್ನದ ಊಟ ಆದಮೇಲೆ ತಗೊಳ್ಳಿ, ಜೊತೆಗೆ ಒಂದು ನೆಲ್ಲಿಕಾಯಿ ತಿಂದರೆ ಇನ್ನೂ ಒಳ್ಳೆಯದು ಅಂದೆ. ಮುಂದಿನ ಸೋಮವಾರ ಅವರೇ ಬಂದು ನುಂಗಿದ್ದು ಹೇಳಿದರು. ಆ ಸಂತೋಷ ನನಗೆ ಇವತ್ತಿಗೂ ಇದೆ.

ಮಲೆನಾಡಲ್ಲಿ ಸಭೆ ಕರೆದರೆ ಜನ ಸೇರುವುದು ಕಷ್ಟ. ಒಂದು ಮನೆ ಈ ತೋಟದಲ್ಲಿ, ಇನ್ನೊಂದು ಗುಡ್ಡದಾಚೆ. ಮಳೆಗಾಲದಲ್ಲಂತೂ ಹಳ್ಳ ದಾಟಿ ಯಾರೂ ಬರಲ್ಲ. ಅದಕ್ಕೇ ಬಸ್ ಸ್ಟ್ಯಾಂಡ್, ಹಾಲಿನ ಡೈರಿ, ವಾಲಿಬಾಲ್ ಆಡುವ ಜಾಗ, ಅಡಿಕೆ ಸುಲಿಯುವ ಮನೆ ಹುಡುಕಿಕೊಂಡು ಹೋಗಿ. ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಮುಟ್ಟಿನ ವಿಷಯ ನಾನು ಜಾಸ್ತಿ ಮಾತಾಡಿದ್ದು ಅಲ್ಲೇ. ಗುಟ್ಕಾ ವಿಷಯ ನಿಮ್ಮ ಜೊತೆಯ ಹುಡುಗರಿಗೆ ಬಿಡಿ, ಅವರ ಮಾತು ಅವರವರಲ್ಲಿ ನಡೆಯುತ್ತೆ.

ದೊಡ್ಡವರ ವಿಷಯ ಬೇರೆ. ಮಂಗನ ಕಾಯಿಲೆ, ಅಂದರೆ ಕಾಡಿನಲ್ಲಿ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಜ್ವರದ ಬಗ್ಗೆ ನಿಮ್ಮೂರಲ್ಲೂ ಗೊತ್ತಿರುತ್ತೆ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. 2018ರ ಕೊನೆ, 2019ರ ಶುರುವಿನಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳಾದವು. ಇಷ್ಟಾದರೂ ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಕೊಟ್ಟ ಎಣ್ಣೆ ನಮ್ಮ ಮನೆಯಲ್ಲೇ ಗೂಡಿನಲ್ಲಿ ಕೂತಿತ್ತು. ವಾಸನೆ, ಜಿಡ್ಡು ಅಂತ ಯಾರೂ ಮುಟ್ಟುತ್ತಿರಲಿಲ್ಲ. "ಎಷ್ಟು ವರ್ಷದಿಂದ ಕಾಡಿಗೆ ಹೋಗ್ತಿದೀವಿ, ನೀನು ಹೇಳ್ಬೇಕಾ?" ಅಂದರು ಚಿಕ್ಕಮ್ಮ. ನಾನು ವಾದ ಮಾಡಲಿಲ್ಲ. ಮರುದಿನ ಕಾಡಿನಲ್ಲಿ ದರಗು (ಒಣಗಿದ ಎಲೆ) ಗುಡಿಸಲು ಅವರ ಜೊತೆ ಹೊರಟೆ. ಜಗುಲಿಯಲ್ಲಿ ಕೂತು ಕೈಕಾಲು, ಕುತ್ತಿಗೆಗೆ ಹಚ್ಚಿಕೊಂಡೆ. ಬಂದವಳೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿದೆ. ಮೂರನೇ ದಿನ ಅವರೇ ಕೈ ಚಾಚಿದರು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ ಎಂದು ಎಲ್ಲರಿಗೂ ಹೇಳಿ. ಕಾಡಿಗೆ ಹೋಗಿ ಬಂದ ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲಿ ಕಷಾಯ ಕುಡಿದು ಕಾಯುವುದು ಬೇಡ. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದನ್ನೂ ಹೇಳಬೇಕು.

ನಾನು ಮಾಡಿದ ಒಂದು ತಪ್ಪು ನೀವು ಮಾಡಬೇಡಿ. ಒಬ್ಬ ಹುಡುಗಿ ತನ್ನ ಮುಟ್ಟಿನ ತೊಂದರೆ ನನಗೆ ಹೇಳಿದ್ದಳು. ಸಹಾಯ ಆಗಲಿ ಎಂದು ನಾನು ಅದನ್ನು ಅವಳ ಗೆಳತಿಗೆ ಹೇಳಿಬಿಟ್ಟೆ. ಎರಡು ದಿನದಲ್ಲಿ ಕೇರಿಗೆಲ್ಲಾ ಗೊತ್ತಾಯಿತು. ಅವಳು ಆರು ತಿಂಗಳು ನನ್ನ ಮುಖ ನೋಡಲಿಲ್ಲ. ಕ್ಷಮೆ ಕೇಳಿದರೂ ಮೊದಲಿನ ಸಲುಗೆ ಬರಲಿಲ್ಲ. ಆಶಾ ಅಕ್ಕನಿಗೆ ಹೇಳಬೇಕಿದ್ದರೂ ಮೊದಲು ಅವಳನ್ನೇ ಕೇಳಿ. ಯಾರಾದರೂ ಅವಳಿಗೆ ಹಿಂಸೆ ಕೊಡುತ್ತಿದ್ದರೆ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಸುಮ್ನೆ ಇರಬೇಡಿ. ಹೇಳುತ್ತೇನೆ ಎಂದು ಅವಳಿಗೆ ತಿಳಿಸಿಯೇ ಹೇಳಿ.

ಎಲ್ಲದಕ್ಕೂ ಉತ್ತರ ಗೊತ್ತಿರಬೇಕು ಎಂದೇನಿಲ್ಲ. "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎಂದರೆ ಯಾರೂ ಕೀಳಾಗಿ ನೋಡಲ್ಲ. ಕಾಯಿಲೆಗೆ ಯಾವ ಮಾತ್ರೆ ಎಂದು ನೀವು ಹೇಳುವುದಲ್ಲ, ಕ್ಲಿನಿಕ್ಕಿಗೆ ಜೊತೆಯಲ್ಲಿ ಹೋಗುವುದು ನಿಮ್ಮ ಕೆಲಸ. ಹಾಗಾಗಿ ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಸ್ನೇಹ ಕ್ಲಿನಿಕ್ ನಿಮಗೆ ಹತ್ತಿರ ಎಲ್ಲಿದೆ, ಯಾವ ದಿನ, ಅಲ್ಲಿಂದ ವಾಪಸ್ ಕೊನೆ ಬಸ್ಸು ಎಷ್ಟು ಹೊತ್ತಿಗೆ ಎಂದು ಆಶಾ ಅಕ್ಕನನ್ನು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.