ಎಳೆದು ಹಾಕುವ ಬೂಟನ್ನು ಒಂದು ನಂಬರು ದೊಡ್ಡದು ಕೊಳ್ಳಬೇಡಿ

ತಂಗಿ, ನಿಮ್ಮ ಕಾಲು ಐದು ನಂಬರಿನದು, ಆದರೆ ಸಲೀಸಾಗಿ ಕಾಲು ತೂರಲಿ ಎಂದು ಗಂಡಸರ ಆರು ನಂಬರಿನ ಗಮ್‌ಬೂಟು ತರಿಸಿದ್ದೀರಿ. ಈಗ ಹಿಮ್ಮಡ ಏಳುತ್ತಿರುವುದಕ್ಕೆ ಎರಡು ಜೊತೆ ಸಾಕ್ಸ್ ಹಾಕಿದರೆ ಸರಿಹೋಗುವುದೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ಅಟ್ಟೆಗೆ ಇನ್ನೂ ಮಣ್ಣು ತಾಗಿಲ್ಲವಾದರೆ ಇಂದೇ ಹಿಂದಕ್ಕೆ ಕಳುಹಿಸಿರಿ. ನಮ್ಮ ಮನೆಯಲ್ಲೂ ಇದೇ ಲೆಕ್ಕಾಚಾರದಿಂದ ಬೂಟು ಕೊಂಡಿದ್ದೆವು. ಮಳೆಯ ಮರುದಿನ ಎರೆಹೊಲದಲ್ಲಿ ನಾದಿನಿಯ ಕಾಲು ಮೇಲೆ ಬಂತು, ಬೂಟು ಕೆಸರಿನಲ್ಲೇ ಉಳಿಯಿತು. ತಲೆಯ ಮೇಲೆ ಮೇವಿನ ಹೊರೆ ಇದ್ದುದರಿಂದ ಆಕೆ ಸಾವರಿಸಿಕೊಳ್ಳಲಾಗದೆ ಮೊಣಕಾಲೂರಿ ಬಿದ್ದಳು. ಕೆಂಪು ಮಸಾರಿ ನೆಲದಲ್ಲಾದರೆ ಸಡಿಲ ಬೂಟು ಹೇಗೋ ನಡೆದೀತು, ನಮ್ಮ ಜಿಗುಟು ಕಪ್ಪು ಎರೆಮಣ್ಣು ಬಿಡುವುದಿಲ್ಲ.

ಲೇಸು ಇಲ್ಲದ ಬೂಟನ್ನು ಕಾಲಿಗೆ ಹಿಡಿದಿಡುವುದು ಹಿಮ್ಮಡ ಮತ್ತು ಪಾದದ ಮೇಲಿನ ಉಬ್ಬು ಮಾತ್ರ. ಹೆಂಗಸರ ಪಾದ ಬೆರಳುಗಳ ಬುಡದಲ್ಲಿ ಅಗಲವಿದ್ದರೂ ಹಿಮ್ಮಡದಲ್ಲಿ ಸಾಮಾನ್ಯವಾಗಿ ಕಿರಿದಾಗಿರುತ್ತದೆ. ಆದ್ದರಿಂದ ಗಂಡಸರ ಅಚ್ಚಿನ, ಅಂದರೆ ಗಂಡಸರ ಪಾದದ ಆಕಾರಕ್ಕೆ ಹೊಲಿದ ಅಥವಾ ಎರೆದ, ಬೂಟು ಮುಂದೆ ಸರಿಯೆನಿಸಿದರೂ ಹಿಂದೆ ಸಡಿಲವಾಗುತ್ತದೆ. ಒಂದು ನಂಬರು ಏರಿಸಿದರೆ ಉದ್ದ ಸುಮಾರು 8.5 ಮಿಲಿಮೀಟರು ಹೆಚ್ಚುತ್ತದೆ, ಹಿಮ್ಮಡದ ಸಡಿಲವೂ ಹೆಚ್ಚುತ್ತದೆ. ಎರಡನೆಯ ಸಾಕ್ಸ್ ಬೆರಳುಗಳನ್ನು ಬಿಗಿದು, ಬೆವರು ಹಿಡಿದು, ಗುಳ್ಳೆ ಎಬ್ಬಿಸುತ್ತದೆಯೇ ಹೊರತು ಹಿಮ್ಮಡವನ್ನು ಹಿಡಿಯುವುದಿಲ್ಲ.

ನಾನು ನಂಬುವುದು ಒಳ ಅಟ್ಟೆಯ ಪರೀಕ್ಷೆಯನ್ನು. ಸಂಜೆ, ಕೆಲಸ ಮುಗಿದು ಕಾಲು ಸ್ವಲ್ಪ ಊದಿರುವಾಗ, ಬೂಟಿನ ಒಳ ಅಟ್ಟೆಯನ್ನು ಹೊರಗೆಳೆದು ನೆಲಕ್ಕಿಟ್ಟು ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿರಿ. ಹಿಮ್ಮಡ ಅಂಚಿಗೆ ಕೂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅರ್ಧ ಅಗಲದಷ್ಟು ಜಾಗ ಉಳಿಯಬೇಕು, ಪಕ್ಕದಲ್ಲಿ ಪಾದ ಅಟ್ಟೆಯನ್ನು ಮೀರಬಾರದು. ಅಂಗಡಿಯವರು ಇದನ್ನು ಎಂದಿಗೂ ಹೇಳುವುದಿಲ್ಲ: ಕಾಲುಂಗುರ ಹಾಕಿಕೊಂಡೇ ಅಳತೆ ನೋಡಿರಿ. ಮುಂಭಾಗ ಬಿಗಿಯಾದರೆ ಬೆಳ್ಳಿಯ ಸುತ್ತು ಪಕ್ಕದ ಬೆರಳಿಗೆ ಒತ್ತಿ, ಮಧ್ಯಾಹ್ನದ ಹೊತ್ತಿಗೆ ಚರ್ಮ ಸುಲಿಯುತ್ತದೆ. ದಪ್ಪ ಸುತ್ತಿನವರು ಕೆಲಸಕ್ಕೆಂದು ತೆಳುವಾದ ಒಂದು ಜೊತೆ ಇಟ್ಟುಕೊಳ್ಳುವುದು ಒಳ್ಳೆಯದು. ಕಾಲ್ಚೈನನ್ನಂತೂ ತೆಗೆದಿಡಿರಿ, ಅದು ಸಾಕ್ಸಿಗೆ ಸಿಕ್ಕಿಕೊಂಡು, ಬೂಟು ಕಳಚುವಾಗ ಕಾಲನ್ನೇ ಗೀರುತ್ತದೆ.

ಹೊಸ ಚರ್ಮದ ಬೂಟಿನಲ್ಲಿ ಹಿಮ್ಮಡ ಕಾಲು ಇಂಚು ಏಳುವುದು ದೋಷವಲ್ಲ, ಅಟ್ಟೆ ಬಾಗತೊಡಗಿದಂತೆ ಅದು ಕಡಿಮೆಯಾಗುತ್ತದೆ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಗಮ್‌ಬೂಟು ಹಾಗೆ ಪಳಗುವುದಿಲ್ಲ, ಮೊದಲ ದಿನ ಸಡಿಲವಿದ್ದುದು ಕೊನೆಯವರೆಗೂ ಸಡಿಲವೇ. ಬ್ಲಂಡ್‌ಸ್ಟೋನ್ ಕಂಪನಿಯದರಂಥ ಇಲಾಸ್ಟಿಕ್ ಬದಿಯ ಚರ್ಮದ ಬೂಟುಗಳನ್ನು ಹಲವರು ಹೊಗಳುತ್ತಾರೆ. ಅವು ಒಣ ಕೆಲಸಕ್ಕೆ ಸೊಗಸು, ಆದರೆ ದಿನವೂ ಸೆಗಣಿ, ಗಂಜಲದಲ್ಲಿ ನಿಲ್ಲುವವರಿಗೆ ಅಷ್ಟು ಹಣ ಕೊಡುವುದು ವ್ಯರ್ಥವೆಂಬುದು ನನ್ನ ಅಭಿಪ್ರಾಯ. ಹಿಲ್‌ಸನ್ ಕಂಪನಿಯದಾಗಲಿ ಬೇರಾವುದೇ ಆಗಲಿ, ಹೆಸರಿಗಿಂತ ಅಚ್ಚು ಮುಖ್ಯ. ಹೆಂಗಸರ ಅಳತೆಯ ಜೋಡಿಯನ್ನೇ ಕೇಳಿರಿ, ‘ಎಲ್ಲರಿಗೂ ಆಗುತ್ತದೆ’ ಎಂದು ಗಂಡಸರ ಚಿಕ್ಕ ನಂಬರು ತೋರಿಸಿದರೆ ಎದ್ದು ಬನ್ನಿರಿ. ಪೆಟ್ಟಿಗೆಯ ಮೇಲೆ 38 ಎಂದಿದ್ದರೆ ಅದು ಯುರೋಪಿನ ನಂಬರು, ನಮ್ಮ ಐದಕ್ಕೆ ಹತ್ತಿರ.

ಬೂಟಿನ ಬಾಯಿ ಮೀನಖಂಡದ ದಪ್ಪ ಭಾಗಕ್ಕೆ ಒತ್ತದಂತೆಯೂ ನೋಡಿಕೊಳ್ಳಬೇಕು. ಸೀರೆ ಎತ್ತಿಕಟ್ಟಿ ದುಡಿಯುವವರಿಗೆ ಬರಿಯ ಚರ್ಮದ ಮೇಲೆ ಅಂಚು ಉಜ್ಜಿ ಕೆಂಪಾಗುತ್ತದೆ. ಫುಟ್‌ಬಾಲ್ ಆಡುವವರು ಹಾಕುವ ಮೊಣಕಾಲುದ್ದದ ಸಾಕ್ಸ್ ಒಂದೇ ಜೊತೆ ಸಾಕು. ಬಾಯಿ ಅಗಲವಿದೆಯೆಂದು ಮೊಣಕಾಲಿನ ಕೆಳಗೆ ದಾರ ಬಿಗಿಯಬೇಡಿರಿ. ಉದ್ದನೆಯ ಬೂಟಿದ್ದರೆ ಕೊಳಕುಮಂಡಲ ಹಾವಿನ ಭಯ ಕಡಿಮೆ ಎಂಬುದು ನಿಜ, ಇಲ್ಲವೇ ಇಲ್ಲ ಎಂದು ತಿಳಿದು ಬದುವಿನಲ್ಲಿ ಕೈ ಹಾಕಬೇಡಿರಿ.

ಮೆಣಸಿನ ಗಿಡಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವಾಗ ಪ್ಯಾಂಟಿನ ಕಾಲು ಬೂಟಿನ ಹೊರಗಿರಲಿ. ಒಳಗೆ ಸಿಕ್ಕಿಸಿದರೆ ಸುರಿದದ್ದೆಲ್ಲ ಬೂಟಿನೊಳಗೆ ಇಳಿಯುತ್ತದೆ. ಆ ಕೆಲಸಕ್ಕೆ ಚರ್ಮದ ಬೂಟು ಕೂಡದು, ಹೀರಿಕೊಂಡ ವಿಷ ತೊಳೆದರೂ ಹೋಗುವುದಿಲ್ಲ. ಪಿವಿಸಿ ಬೂಟನ್ನು ಒಳಗೂ ಹೊರಗೂ ಸಾಬೂನು ನೀರಿನಿಂದ ತೊಳೆದು, ನೆರಳಿನಲ್ಲಿ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿರಿ. ಹಾಗಿಟ್ಟರೂ ಬೆಳಿಗ್ಗೆ ಕಾಲು ಹಾಕುವ ಮುನ್ನ ಜಾಡಿಸಲೇಬೇಕು, ಚೇಳಿಗೆ ಗೂಟ ಹತ್ತುವುದು ಕಷ್ಟವಲ್ಲ.