ಎರಡೂವರೆ ದಿನದ ಪ್ರಾಗ್, ಅಮ್ಮನ ಮೊಣಕಾಲು

ಪ್ರಶ್ನೆ: ಜೂನ್‌ನಲ್ಲಿ ಅಮ್ಮನ ಜೊತೆ ಪ್ರಾಗ್‌ಗೆ ಹೋಗುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ತಲುಪಿ ಭಾನುವಾರ ಮಧ್ಯಾಹ್ನ ಹೊರಡುತ್ತೇವೆ. ಅಮ್ಮನಿಗೆ 67 ವರ್ಷ, ಮೊಣಕಾಲು ನೋವಿದೆ. ಊರ ಹೊರಗಿನ ಜಾಗ ಒಂದನ್ನಾದರೂ ನೋಡುವ ಆಸೆ. ಕಾರ್ಲ್‌ಶ್ಟೇನ್ ಕೋಟೆಗೆ ಹೋಗಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಾರ್ಲ್‌ಶ್ಟೇನ್ ಈ ಸಲ ಬೇಡ. ರೈಲು ಇಳಿದು ಸುಮಾರು ಎರಡು ಕಿಲೋಮೀಟರ್ ನಡೆಯಬೇಕು, ಅದರಲ್ಲೂ ಕೊನೆಗೆ ಪೂರ್ತಿ ಏರು. ಒಳಗೂ ಮೆಟ್ಟಿಲು ಜಾಸ್ತಿ.

ಶುಕ್ರವಾರ ಪ್ರಾಗ್‌ನ ಅರಮನೆ ಕೋಟೆ ನೋಡಿ. 22ನೇ ನಂಬರಿನ ಟ್ರಾಮ್ ಹತ್ತಿ, ಕೋಟೆಯ ಹೆಸರಿನ ಸ್ಟಾಪ್‌ನಲ್ಲೇ ಇಳಿಯಿರಿ. ನದಿ ಕಡೆಯಿಂದ ಹೋದರೆ ಅಮ್ಮ ಉದ್ದಕ್ಕೂ ಮೆಟ್ಟಿಲು ಹತ್ತಬೇಕಾಗುತ್ತೆ. ಒಳಗಿನ ಸೇಂಟ್ ವೀಟಸ್ ಚರ್ಚ್ ಶುರುವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ!

ಅದೇ ಮಧ್ಯಾಹ್ನ ಯಹೂದಿಗಳ ಪ್ರಾರ್ಥನಾ ಮಂದಿರವಾದ ಪಿಂಕಾಸ್ ಸಿನಗಾಗ್‌ಗೆ ಹೋಗಿ. ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಬಾಗಿಲು ಹಾಕಿರುತ್ತೆ. ನಾಜಿಗಳು ಕೊಂದ, ಈಗಿನ ಚೆಕ್ ದೇಶದ ಭಾಗಗಳಾದ ಬೊಹೀಮಿಯಾ, ಮೊರಾವಿಯಾದ 77,000ಕ್ಕೂ ಹೆಚ್ಚು ಯಹೂದಿಗಳ ಹೆಸರನ್ನು ಗೋಡೆಗಳ ಮೇಲೆ ಕೈಯಲ್ಲೇ ಬರೆದಿದ್ದಾರೆ. ಗೈಡ್ ಬೇಡ, ಮಾತೂ ಬೇಡ. ಒಂದು ಗೋಡೆಯ ಮುಂದೆ ನಿಂತು ಒಂದು ಮನೆತನದವರ ಹೆಸರುಗಳನ್ನಷ್ಟೇ ಓದಿ.

ಚಾರ್ಲ್ಸ್ ಸೇತುವೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಬೆಳಿಗ್ಗೆ ಆರಕ್ಕೇ. ಹತ್ತು ಗಂಟೆಯಾದರೆ ಜನರ ಬೆನ್ನೇ ಕಾಣೋದು. ಅಮ್ಮನಿಗೆ ದಪ್ಪ ಅಟ್ಟೆಯ ಶೂ ಹಾಕಿಸಿ. ಊರೆಲ್ಲಾ ಕಲ್ಲು ಹಾಸಿದ ಬೀದಿಗಳೇ.

ಇನ್ನು ನೀವು ಕೇಳಿದ ಊರ ಹೊರಗಿನ ಜಾಗ: ಶನಿವಾರ, ಕುಟ್ನಾ ಹೋರಾ. ರೈಲಿನಲ್ಲಿ ಸುಮಾರು ಒಂದು ಗಂಟೆ. ಒಂದು ಕಾಲದ ದೊಡ್ಡ ಬೆಳ್ಳಿ ಗಣಿಯ ಊರು ಇದು. 1300ರಿಂದ ಪ್ರಾಗ್ ಗ್ರೋಶನ್ ಎಂಬ ಬೆಳ್ಳಿ ನಾಣ್ಯ ಟಂಕಿಸುತ್ತಿದ್ದದ್ದು ಇಲ್ಲೇ. ಎಲ್ಲರೂ ಓಡುವುದು ಈ ಊರಿನದೇ ಭಾಗವಾದ ಸೆಡ್ಲೆಟ್ಸ್‌ನ ಮೂಳೆಗಳ ಚಾಪೆಲ್‌ಗೆ. ಅಲ್ಲಿ ಮನುಷ್ಯರ ಮೂಳೆಗಳಿಂದಲೇ ಮಾಡಿದ ತೂಗುದೀಪ ಇದೆ. ಅಮ್ಮನನ್ನು ಕೇಳಿ ನೋಡಿ, ಬೇಡ ಅಂದರೆ ಬಿಟ್ಟುಬಿಡಿ. ಆದರೆ ಸೇಂಟ್ ಬಾರ್ಬರಾ ಚರ್ಚ್ ಮಾತ್ರ ಬಿಡಬೇಡಿ. ಗಣಿ ಕೆಲಸಗಾರರನ್ನು ಕಾಯುವ ಸಂತಳು ಆಕೆ.

ನಮ್ಮ ತಾತ ಕೆಜಿಎಫ್ ಗಣಿಗೆ ಇಳಿಯುತ್ತಿದ್ದವರು. ದೇವರ ಮನೆಯೊಳಗೆ ಗಣಿ ಕೆಲಸಗಾರನ ಪ್ರತಿಮೆ ನಿಂತಿದ್ದನ್ನು ನಾನು ಮೊದಲು ನೋಡಿದ್ದು ಈ ಚರ್ಚಿನಲ್ಲೇ. ಮೈಮೇಲೆ ಬಿಳಿ ನಿಲುವಂಗಿ, ಕೈಯಲ್ಲಿ ದೀಪ. ಕತ್ತಲಲ್ಲಿ ಒಬ್ಬರಿಗೊಬ್ಬರು ಕಾಣಲಿ ಅಂತ ಬಿಳಿ ಬಟ್ಟೆ. ಸೊಂಟದ ಹಿಂದೆ ತೊಗಲಿನ ತುಂಡು ಕಟ್ಟಿಕೊಳ್ಳುತ್ತಿದ್ದರು, ಅದರ ಮೇಲೆ ಕೂತು ಗಣಿಯೊಳಕ್ಕೆ ಜಾರಲು. ತಾತ ಮನೆಗೆ ಬಂದಾಗ ಬಾಗಿಲಲ್ಲೇ ಬೂಟು ಕಳಚುತ್ತಿದ್ದ ಸದ್ದು ನೆನಪಾಗಿ ನನಗೆ ಕಣ್ಣು ತುಂಬಿತು.

ಸ್ಟೇಷನ್‌ನಿಂದ ಚರ್ಚ್ ದೂರ ಇದೆ. ನಡೆಯಲು ಹೋಗಬೇಡಿ, ಊರೊಳಗಿನ ಬಸ್ ಅಥವಾ ಟ್ಯಾಕ್ಸಿ ಹಿಡಿಯಿರಿ.