ಶಾಲು ಒಂದೂವರೆ ಗಂಟೆ, ಅಹವಾಲು ಇಪ್ಪತ್ತು ನಿಮಿಷ

ಓದುಗರ ಪತ್ರ:

ಸಂಪಾದಕರೇ, ನಮ್ಮ ಊರಿನ ಮೇಯರ್ ಕಳೆದ ತಿಂಗಳು ಪುರಭವನದಲ್ಲಿ ‘ಯುವ ಪ್ರತಿಭೆಗಳಿಗೆ ಸನ್ಮಾನ ಹಾಗೂ ಸಾರ್ವಜನಿಕರ ಅಹವಾಲು ಸ್ವೀಕಾರ’ ಎಂಬ ಕಾರ್ಯಕ್ರಮ ಇಟ್ಟುಕೊಂಡಿದ್ದರು. ನನ್ನ ಮೊಮ್ಮಗಳು ಖೋ ಖೋ ಆಡುತ್ತಾಳೆ. ಅವಳಿಗೂ ಶಾಲು, ಪೇಟ, ಹಣ್ಣಿನ ಬುಟ್ಟಿ ಸಿಕ್ಕಿತು. ಸಂತೋಷವೇ. ಆಮೇಲೆ ನಾನು ನಮ್ಮ ಬೀದಿಯ ಯುಜಿಡಿ (ಒಳಚರಂಡಿ) ಚೇಂಬರ್ ಉಕ್ಕಿ ಹರಿಯುತ್ತಿರುವ ಬಗ್ಗೆ ಅರ್ಜಿ ಕೊಟ್ಟೆ. ಸನ್ಮಾನಕ್ಕೆ ಒಂದೂವರೆ ಗಂಟೆ, ಅಹವಾಲಿಗೆ ಇಪ್ಪತ್ತು ನಿಮಿಷ. ಮೇಯರ್ ಅರ್ಜಿಯ ಮೂಲೆಯಲ್ಲಿ ‘ಕೂಡಲೇ ಕ್ರಮ ವಹಿಸಿ’ ಎಂದು ಬರೆದು ಸಹಿ ಹಾಕಿದರು. ಐದು ವಾರ ಆಯಿತು, ಚೇಂಬರ್ ಇನ್ನೂ ಉಕ್ಕುತ್ತಲೇ ಇದೆ. ಮೇಯರ್ ಅಂದರೆ ಶಾಲು ಹೊದಿಸುವ ಕೆಲಸ ಮಾತ್ರವೇ?

– ನಿವೃತ್ತ ಶಿಕ್ಷಕರು (ಹೆಸರು, ಊರು ಹಾಕುವುದು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ,

ನಿಮ್ಮ ಪತ್ರ ಆರು ಪುಟ ಇತ್ತು. ಕತ್ತರಿ ಹಾಕಿ ಉಳಿಸಿದ್ದು ಮೇಲಿನಷ್ಟು, ಬೇಜಾರು ಮಾಡಿಕೊಳ್ಳಬೇಡಿ. ಕತ್ತರಿ ಆಡಿಸುವಾಗ ನಾಲ್ಕನೇ ಪುಟದ ಅಂಚಿನಲ್ಲಿ ನೀವು ಸಣ್ಣಕ್ಷರದಲ್ಲಿ ಬರೆದ ಒಂದು ಸಾಲು ಕಣ್ಣಿಗೆ ಬಿತ್ತು. ಮೊಮ್ಮಗಳು ಅಭ್ಯಾಸ ಮಾಡುವ ಪಾಲಿಕೆ ಮೈದಾನದಲ್ಲಿ ದೀಪ ಉರಿಯುವುದಿಲ್ಲ, ಒಂದು ಮೂಲೆಯಲ್ಲಿ ಕಸದ ಆಟೋಗಳು ನಿಂತಿರುತ್ತವೆ, ಸಂಜೆ ಆರೂವರೆ ಆದರೆ ಆಟ ಬಂದ್ ಅಂತ. ನಿಮಗೆ ಅದು ಮಾತಿನ ನಡುವೆ ಬಂದ ಮಾತು. ನನಗೆ ಆರು ಪುಟದಲ್ಲಿ ಅದೇ ಮುಖ್ಯ ಅನ್ನಿಸಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಮೇಯರ್ ವಿಷಯ. ನಮ್ಮಲ್ಲಿ ಮೇಯರ್ ಅನ್ನುವ ಹೆಸರು ಅವರ ಅಧಿಕಾರಕ್ಕಿಂತ ದೊಡ್ಡದು. 1976ರ ಪಾಲಿಕೆಗಳ ಕಾಯ್ದೆಯಲ್ಲಿ ಆಡಳಿತ ನಡೆಸುವವರು ಆಯುಕ್ತರು, ಅಂದರೆ ಸರ್ಕಾರ ಕಳಿಸಿದ ಅಧಿಕಾರಿ. ಇಂಜಿನಿಯರುಗಳು, ಹೆಲ್ತ್ ಇನ್‌ಸ್ಪೆಕ್ಟರುಗಳು ಉತ್ತರ ಕೊಡಬೇಕಾದದ್ದು ಅವರಿಗೆ. ಮೇಯರ್ ಕೂರುವುದು ಪಾಲಿಕೆ ಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ. ಅವರನ್ನು ಆರಿಸುವವರು ನಾವಲ್ಲ, ನಾವು ಆರಿಸಿದ ಸದಸ್ಯರು. ಶಾಸಕರು, ಸಂಸದರು ಕೂಡ ಬಂದು ಕೈ ಎತ್ತುತ್ತಾರೆ. ಇಷ್ಟು ವರ್ಷ ನಾವು ನೋಡಿಕೊಂಡು ಬಂದಿದ್ದು ಒಂದೊಂದು ವರ್ಷದ ಮೇಯರ್‌ಗಳನ್ನೇ. ಮೊದಲ ಎರಡು ತಿಂಗಳು ಹಾರ ಹಾಕಿಸಿಕೊಳ್ಳುವುದರಲ್ಲಿ ಹೋಗುತ್ತದೆ. ಕೊನೆಯ ಎರಡು ತಿಂಗಳು ಮುಂದಿನವರು ಯಾರು ಅನ್ನುವ ಗುಸುಗುಸಿನಲ್ಲಿ ಹೋಗುತ್ತದೆ. ಮೀಸಲಾತಿ ಪಟ್ಟಿ ಸರಿಯಿಲ್ಲ ಅಂತ ಯಾರಾದರೂ ಕೋರ್ಟಿಗೆ ಹೋದರೋ, ಆ ಕುರ್ಚಿ ತಿಂಗಳುಗಟ್ಟಲೆ ಖಾಲಿ. ಬೆಂಗಳೂರಿಗಾಗಿ ಬಂದ ಹೊಸ ಕಾಯ್ದೆಯಲ್ಲಿ ಮೇಯರ್ ಅವಧಿ 30 ತಿಂಗಳು ಅಂತಿದೆ. ಆದರೆ ಅಲ್ಲಿ 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆಯೇ ನಡೆಯದೆ ವರ್ಷಗಳು ಉರುಳಿದವು. ದೂರು ಹೇಳಲಿಕ್ಕಾದರೂ ನಿಮಗೊಬ್ಬ ಮೇಯರ್ ಇದ್ದಾರಲ್ಲ, ಅಷ್ಟರಮಟ್ಟಿಗೆ ನೀವು ಅದೃಷ್ಟವಂತರು.

ಮೈಸೂರಿನಲ್ಲಿ ಜಂಬೂಸವಾರಿಯ ದಿನ ಮೇಯರ್ ಕುದುರೆ ಏರುವ ಪದ್ಧತಿ ಇದೆ. ಹುಟ್ಟಿದಾಗಿನಿಂದ ಕುದುರೆ ಮುಟ್ಟದವರು ಕೂಡ ದಸರೆಗೆ ಮುಂಚೆ ಬೆಳಗಿನ ಹೊತ್ತು ಹೋಗಿ ಸವಾರಿ ಕಲಿಯುತ್ತಾರೆ. ಪೇಟ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಜನರತ್ತ ಕೈ ಬೀಸುತ್ತಾ ಹೋಗುವ ಮೇಯರನ್ನು ನೋಡಿದಾಗಲೆಲ್ಲ ನನಗೆ ಪಾಲಿಕೆ ಸಭೆಯೇ ನೆನಪಾಗುತ್ತದೆ. ಲಗಾಮು ಕೈಯಲ್ಲೇ ಇರುತ್ತದೆ. ಕುದುರೆ ಮಾತ್ರ ತನಗೆ ತರಬೇತಿ ಕೊಟ್ಟವರ ಮಾತನ್ನೇ ಕೇಳುತ್ತದೆ.

ಇದು ನಾವೇ ಕಂಡುಹಿಡಿದ ವ್ಯವಸ್ಥೆಯೇನಲ್ಲ, ಬ್ರಿಟಿಷರ ಅಚ್ಚು. ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ (ಬರೋ ಅಂದರೆ ನಗರದೊಳಗಿನ ಒಂದು ಆಡಳಿತ ವಿಭಾಗ) ಮೇಯರ್ ಆಗಿದ್ದರು. ಅವರದ್ದೂ ಒಂದೇ ವರ್ಷದ ಕುರ್ಚಿ. ಅಲ್ಲಿ ಆಡಳಿತವೆಲ್ಲ ಕೌನ್ಸಿಲ್ ಲೀಡರ್ ಕೈಯಲ್ಲಿ. ಮೇಯರ್ ಕೊರಳಿಗೆ ಸರ ಹಾಕಿಕೊಂಡು ಶಾಲೆ, ಸಂಘ, ಸಮಾರಂಭ ಅಂತ ಓಡಾಡಬೇಕು. ಆದರೂ ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ ನಿಲ್ಲಿಸಬೇಕು ಅಂತ ಅವರು ಹಿಡಿದ ಹಟ ಬಿಡಲಿಲ್ಲ. ಪ್ರತಿಮೆ ಅನಾವರಣ ಆದದ್ದು 2015ರ ನವೆಂಬರ್ 14ಕ್ಕೆ. ಸರ ಕಳಚಿಟ್ಟು ಆಗಲೇ ನಾಲ್ಕು ವರ್ಷ ದಾಟಿತ್ತು. ಅಂದರೆ ಅಧಿಕಾರ ಇಲ್ಲದ ಕುರ್ಚಿಯಿಂದಲೂ ಒಂದು ಕೆಲಸವನ್ನು ಬೆನ್ನುಹತ್ತಬಹುದು, ಬೆನ್ನುಹತ್ತುವ ಸ್ವಭಾವ ಇರಬೇಕಷ್ಟೆ.

ಆ ಸ್ವಭಾವ ಹೇಗಿರುತ್ತದೆ ಅಂತ ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಆಗ ನಾನು ವರದಿಗಾರ. ಊರು ಯಾವುದು ಅಂತ ಹೇಳುವುದಿಲ್ಲ, ನೀವೂ ಹೇಳಿಲ್ಲವಲ್ಲ! ಅಲ್ಲಿನ ಮೇಯರಿಗೆ ಮಾರ್ಕೆಟ್ ಹತ್ತಿರ ದಿನಸಿ ಅಂಗಡಿ ಇತ್ತು. ಅಂಗಡಿಯಲ್ಲಿ ಸಾಲ ಬರೆದಿಡುವ ಉದ್ದನೆಯ ಪುಸ್ತಕ ಇರುತ್ತದಲ್ವಾ, ಕೆಂಪು ಬಟ್ಟೆಯ ರಟ್ಟಿನದು, ಅಂಥದ್ದೊಂದನ್ನು ಅವರು ಪಾಲಿಕೆಗೂ ತಂದಿಟ್ಟುಕೊಂಡಿದ್ದರು. ಯಾರೇ ದೂರು ತಂದರೂ ಅರ್ಜಿಯ ಮೂಲೆಯಲ್ಲಿ ಸಹಿ ಹಾಕುತ್ತಿರಲಿಲ್ಲ. ಪುಸ್ತಕದಲ್ಲಿ ತಾವೇ ಬರೆದುಕೊಳ್ಳುತ್ತಿದ್ದರು: ಹೆಸರು, ಬೀದಿ, ಏನು ತೊಂದರೆ, ಯಾವ ಜೆಇ (ಕಿರಿಯ ಇಂಜಿನಿಯರ್). ಸೋಮವಾರ ಬೆಳಿಗ್ಗೆ ಜೆಇಗಳನ್ನು ಕರೆದು, ಪುಟ ತಿರುವಿ, ‘ನಿನ್ನ ಲೆಕ್ಕದಲ್ಲಿ ಹನ್ನೊಂದು ಬಾಕಿ ಇದೆ ಕಣಪ್ಪಾ, ಯಾವಾಗ ತೀರಿಸ್ತೀಯ?’ ಅನ್ನುವರು. ಕೆಲಸ ಮುಗಿದಿದ್ದಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಅಡ್ಡಗೆರೆ. ಅದೂ ಜೆಇ ಬಾಯಿಮಾತಿಗೆ ಅಲ್ಲ, ದೂರು ಕೊಟ್ಟವರನ್ನು ಕೇಳಿದ ಮೇಲೆ. ಆ ಜೆಇಗಳಿಗೆ ನೋಟಿಸ್ ಕೊಡುವ ಅಧಿಕಾರ ಅವರಿಗೆ ಇರಲಿಲ್ಲ. ಆದರೆ ಪ್ರತಿ ವಾರ ಎಲ್ಲರೆದುರು ಬಾಕಿ ಓದಿಸಿಕೊಳ್ಳುವ ಮುಜುಗರ ಇತ್ತಲ್ಲ, ಅದು ನೋಟಿಸಿಗಿಂತ ಜಾಸ್ತಿ ಕೆಲಸ ಮಾಡುತ್ತಿತ್ತು. ಒಂದು ವರ್ಷ ಆಯಿತು, ಅವರು ಕೆಳಗಿಳಿದರು. ಮುಂದೆ ಬಂದವರ ಮೇಜಿನ ಮೇಲೆ ಆ ಪುಸ್ತಕ ನಾನು ಕಾಣಲಿಲ್ಲ.

ಅಂದಹಾಗೆ, ಅವರು ಶಾಲನ್ನೂ ಸಿಕ್ಕಾಪಟ್ಟೆ ಹೊದಿಸುತ್ತಿದ್ದರು.

ಅದಕ್ಕೇ ಹೇಳುವುದು, ಶಾಲಿನ ಮೇಲೆ ಸಿಟ್ಟು ಬೇಡ. ಚಿಕ್ಕ ಊರಿನಲ್ಲಿ, ಅದೂ ಕ್ರಿಕೆಟ್ ಬಿಟ್ಟು ಬೇರೆ ಆಟ ಆಡುವ ಹುಡುಗಿಗೆ, ಪುರಭವನದ ವೇದಿಕೆಯಲ್ಲಿ ಹೆಸರು ಕೂಗಿ ಕರೆಯುವುದು ಸಣ್ಣ ವಿಷಯ ಅಲ್ಲ. ಆ ಫೋಟೊ ಮನೆಯ ಗೋಡೆ ಮೇಲೆ ಇಪ್ಪತ್ತು ವರ್ಷ ಇರುತ್ತದೆ. ‘ಹುಡುಗಿಗೆ ಆಟ ಯಾಕೆ’ ಅನ್ನುವ ನೆಂಟರ ಬಾಯಿ ಮುಚ್ಚಿಸುತ್ತದೆ. ಒಂದೂವರೆ ಗಂಟೆ ಹಿಡಿದದ್ದು ಕೂಡ ಮಕ್ಕಳಿಂದ ಅಲ್ಲ. ನಿಮ್ಮ ಪತ್ರದಲ್ಲೇ ಲೆಕ್ಕ ಇದೆ: ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಹನ್ನೆರಡು ಗಣ್ಯರಿಗೆ ಹಾರ, ಐದು ಜನರ ಮಾತು, ವಂದನಾರ್ಪಣೆ. ಮಕ್ಕಳು ವೇದಿಕೆ ಮೇಲಿದ್ದದ್ದು ಎಲ್ಲ ಸೇರಿ ಕಾಲು ಗಂಟೆ ಇರಬಹುದು.

ನನ್ನ ತಕರಾರು ಬೇರೆ. ಆ ಕಾಲು ಗಂಟೆಯಲ್ಲಿ ಒಬ್ಬರಾದರೂ ನಿಮ್ಮ ಮೊಮ್ಮಗಳ ಕೈಗೆ ಮೈಕ್ ಕೊಟ್ಟು, ‘ಎಲ್ಲಿ ಆಡ್ತೀಯಮ್ಮಾ? ಮೈದಾನ ಹೇಗಿದೆ?’ ಅಂತ ಕೇಳಿದ್ದರೆ? ಆಗ ಸನ್ಮಾನವೂ ಅಹವಾಲೂ ಒಂದೇ ಕಡೆ ಸೇರುತ್ತಿದ್ದವು. ಬ್ಯಾನರಿನಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದರು, ಸಭೆಯಲ್ಲಿ ಮಾತ್ರ ಮಕ್ಕಳನ್ನು ಬಲಗಡೆಯಿಂದ ಇಳಿಸಿ, ದೂರಿನವರನ್ನು ಎಡಗಡೆಯಿಂದ ಹತ್ತಿಸಿದರು. ಪ್ರತಿಭೆ ಇದ್ದವರಿಗೆ ತೊಂದರೆ ಇರುವುದಿಲ್ಲ, ತೊಂದರೆ ಇದ್ದವರಿಗೆ ಪ್ರತಿಭೆ ಇರುವುದಿಲ್ಲ ಅನ್ನುವ ಹಾಗೆ.

ಮಕ್ಕಳನ್ನು ಕೇಳುವುದು ನಮಗೆ ಹೊಸದೇನೂ ಅಲ್ಲ, ಮೇಷ್ಟ್ರೇ. ಹಳ್ಳಿ ಶಾಲೆಯಲ್ಲಿ ಕೆಲಸ ಮಾಡಿದ್ದರೆ ನೀವೇ ನೋಡಿರುತ್ತೀರಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಎಷ್ಟೋ ಕಡೆ ಅದು ಬಿಸ್ಕತ್ತು ಹಂಚಿ ಮುಗಿಸುವ ಶಾಸ್ತ್ರ, ಒಪ್ಪುತ್ತೇನೆ. ಆದರೆ ಸರಿಯಾಗಿ ನಡೆದ ಕಡೆ ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತು, ಶೌಚಾಲಯಕ್ಕೆ ಬಾಗಿಲು ಯಾಕಿಲ್ಲ, ಬಸ್ ಯಾಕೆ ನಿಲ್ಲಿಸುವುದಿಲ್ಲ ಅಂತ ಪಂಚಾಯಿತಿಯ ಅಧಿಕಾರಿ ಪಿಡಿಒ ಮುಖಕ್ಕೇ ಕೇಳುತ್ತಾಳೆ. ಪಿಡಿಒ ಬರೆದುಕೊಳ್ಳಲೇಬೇಕು. ಅದೇ ಹುಡುಗಿ ಪಿಯುಸಿಗೆ ಅಂತ ನಗರಕ್ಕೆ ಬಂದರೆ ಅವಳನ್ನು ಕೇಳುವವರು ಯಾರೂ ಇಲ್ಲ. ಹಳ್ಳಿ ಈ ವಿಷಯದಲ್ಲಿ ನಗರಕ್ಕಿಂತ ಮುಂದಿದೆ. ಲಂಡನ್ನಿನ ಲೂಯಿಷಮ್ ಬರೋದಲ್ಲಿ 2004ರಿಂದ ‘ಯಂಗ್ ಮೇಯರ್’ ಅಂತಲೇ ಒಬ್ಬರನ್ನು ಆರಿಸುತ್ತಾ ಬಂದರು. ವೋಟು ಹಾಕುವವರು 11ರಿಂದ 18 ವರ್ಷದ ಮಕ್ಕಳು, ಗೆದ್ದವರ ಕೈಗೆ ಖರ್ಚು ಮಾಡಲು ಒಂದಿಷ್ಟು ಬಜೆಟ್. ಅಷ್ಟು ದೂರ ಹೋಗುವುದು ಬೇಡ ಅನ್ನಿ. ನಮ್ಮ ಪಕ್ಕದ ತಿರುವನಂತಪುರದಲ್ಲಿ 2020ರ ಡಿಸೆಂಬರಿನಲ್ಲಿ 21 ವರ್ಷದ ಆರ್ಯಾ ರಾಜೇಂದ್ರನ್ ಮೇಯರ್ ಆದರು. ಕಾಲೇಜು ಓದುತ್ತಿದ್ದ ಹುಡುಗಿಗೆ ಶಾಲಿನ ಬದಲು ಕುರ್ಚಿಯನ್ನೇ ಕೊಟ್ಟರು. ಅವರ ಆಡಳಿತದ ಬಗ್ಗೆ ಜಗಳ ಬೇಕಾದಷ್ಟು ನಡೆಯಿತು, ನಡೆಯಲಿ. ಐದು ವರ್ಷದ ಅವಧಿ ಇದ್ದಿದ್ದರಿಂದ ಜಗಳವಾಡಲಿಕ್ಕಾದರೂ ಟೈಮ್ ಸಿಕ್ಕಿತು.

ಈಗ ನಿಮ್ಮ ಚೇಂಬರ್. ಮೇಯರ್ ಸಹಿ ಬಿದ್ದ ಮಾತ್ರಕ್ಕೆ ಅರ್ಜಿ ಕಡತ ಆಗುವುದಿಲ್ಲ. ಟಪಾಲು ವಿಭಾಗದಲ್ಲಿ ಮೊಹರು ಬಿದ್ದು, ನಂಬರ್ ಸಿಕ್ಕಾಗ ಆಗುತ್ತದೆ. ನಿಮ್ಮ ಪತ್ರದಲ್ಲಿ ಆ ನಂಬರಿನ ಸುದ್ದಿಯೇ ಇಲ್ಲ. ಕೊಟ್ಟಿದ್ದು ಮೇಯರ್ ಪಿಎ ಕೈಗೆ, ಅವರ ಬ್ಯಾಗಿನಿಂದ ಅದು ಎಲ್ಲಿಗೆ ಹೋಯಿತೋ! ಅದರ ನಕಲು ಇದ್ದರೆ ಅದನ್ನೇ ತೆಗೆದುಕೊಂಡು ಹೋಗಿ ಟಪಾಲಿನಲ್ಲಿ ಕೊಡಿ, ಸ್ವೀಕೃತಿ ಇಸಿದುಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ. ‘ಇದು ನಮ್ಮದಲ್ಲ, ಒಳಚರಂಡಿ ಮಂಡಳಿಯದ್ದು’ ಅನ್ನಬಹುದು. ಸಾಮಾನ್ಯವಾಗಿ ಮಂಡಳಿ ಕಟ್ಟಿಸುತ್ತದೆ, ಹಸ್ತಾಂತರ ಆದ ಮೇಲೆ ನೋಡಿಕೊಳ್ಳಬೇಕಾದದ್ದು ಪಾಲಿಕೆ. ಹಾಗೆ ಅಂದರೆ, ಆ ಮಾತನ್ನು ಬರೆದುಕೊಡಿ ಅಂತ ಕೇಳಿ. ಬರೆದುಕೊಡುವ ಮಾತು ಬಂದ ಕೂಡಲೇ ಎಷ್ಟೋ ಜನರಿಗೆ ತಮ್ಮ ಕೆಲಸ ನೆನಪಾಗುತ್ತದೆ.

ನಿಮ್ಮ ವಾರ್ಡಿನ ಸದಸ್ಯರನ್ನು ಬಿಡಬೇಡಿ. ಮೇಯರಿಗೆ ಅಧಿಕಾರ ಕಡಿಮೆ ಅಂದೆನಲ್ಲ, ಆದರೆ ಸಭೆ ಅವರದ್ದು. ಸದಸ್ಯರು ಅಲ್ಲಿ ವಿಷಯ ಎತ್ತಿ, ಮೇಯರ್ ಆಯುಕ್ತರಿಂದ ಉತ್ತರ ಕೇಳಿದರೆ, ಅದು ನಡಾವಳಿಗೆ ಸೇರುತ್ತದೆ. ನಡಾವಳಿಗೆ ಸೇರಿದ್ದನ್ನು ಅಳಿಸುವುದು ಕಷ್ಟ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದಲ್ಲೇ ಇದೆ, 1993ರಿಂದ. ನಿಮ್ಮಲ್ಲಿ ಇದೆಯಾ, ಕೂತು ಮಾತಾಡುತ್ತದಾ, ಅದನ್ನೂ ಒಮ್ಮೆ ವಿಚಾರಿಸಿ.

ಇಷ್ಟಾದ ಮೇಲೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು, ಅಂದರೆ ಆರ್‌ಟಿಐ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ‘ಚೇಂಬರ್ ಯಾಕೆ ರಿಪೇರಿ ಮಾಡಿಲ್ಲ’ ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಅವರು ಉತ್ತರ ಕೊಡುವುದಿಲ್ಲ. ‘ಇಂಥ ನಂಬರಿನ ನನ್ನ ಅರ್ಜಿ ಯಾವ ದಿನ ಯಾರ ಮೇಜಿಗೆ ಹೋಯಿತು, ಅದರ ಮೇಲೆ ಬರೆದ ಟಿಪ್ಪಣಿಗಳ ನಕಲು ಕೊಡಿ’ ಅಂತ ಕೇಳಿ. ಒಂದು ಎಚ್ಚರಿಕೆ: ನಮ್ಮ ರಾಜ್ಯದ ನಿಯಮದಲ್ಲಿ ಆರ್‌ಟಿಐ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಆರು ಪುಟ ಬರೆಯುವ ನಿಮಗೆ ಇದೊಂದು ಶಿಕ್ಷೆಯೇ ಸರಿ!

ಮೈದಾನದ ದೀಪ ಮತ್ತು ಕಸದ ಆಟೋ ವಿಷಯವನ್ನು ಇದರಲ್ಲಿ ಸೇರಿಸಬೇಡಿ. ಅದು ಬೇರೆ ಅರ್ಜಿ, ಬರೆಯಬೇಕಾದವಳು ನಿಮ್ಮ ಮೊಮ್ಮಗಳು. ಸನ್ಮಾನದ ಫೋಟೊದ ಒಂದು ಪ್ರತಿ ಅದಕ್ಕೆ ಪಿನ್ ಮಾಡಲಿ, ಮೇಯರ್ ಪಕ್ಕದಲ್ಲಿ ಪೇಟ ಕಟ್ಟಿಕೊಂಡು ನಿಂತದ್ದು. ಜೊತೆಗೆ ಆಡುವ ಹುಡುಗಿಯರೆಲ್ಲ ಸಹಿ ಹಾಕಲಿ. ಅರ್ಜಿಯ ಇನ್ನೊಂದು ಪ್ರತಿ ಪಾಲಿಕೆಯ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಅಧ್ಯಕ್ಷರಿಗೆ ಹೋಗಲಿ. ಅವಳ ಕೈಬರಹದಲ್ಲೇ ಇರಲಿ. ಕಾಗುಣಿತ ತಪ್ಪಿದ್ದರೂ ನೀವು ಕೆಂಪು ಪೆನ್ನು ತೆಗೆಯಬೇಡಿ, ಮೇಷ್ಟ್ರೇ.